ಜಗಲಿಯಿಂದ ರಿಂಗಿನವರೆಗೆ: ಮಲೆನಾಡಿನ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುವುದು ಹೇಗೆ?

ಚೆಂಡು ಕೈಗೆ ಸಿಕ್ಕಿದ ಕೂಡಲೇ ಮಕ್ಕಳು ಮಾಡುವ ಕೆಲಸ ಒಂದೇ. ರಿಂಗಿನ ಕೆಳಗೆ ಓಡಿಹೋಗಿ, ಎರಡೂ ಕೈಯಲ್ಲಿ ಮೇಲಕ್ಕೆ ಎಸೆಯುವುದು. ಹತ್ತು ಸಲ ಎಸೆದರೆ ಒಂದು ಬೀಳುತ್ತದೆ. ಆ ಒಂದರ ಖುಷಿಗೆ ಮತ್ತೆ ಹತ್ತು ಸಲ. ನಾನೂ ಹಾಗೇ ಶುರು ಮಾಡಿದವನು. ಆಗ ನನಗೆ ಒಂಬತ್ತು ವರ್ಷ. ಸಿಕ್ಕಿದ್ದು ದೊಡ್ಡವರ ಚೆಂಡು. ಅದನ್ನು ಭುಜದ ಮೇಲೆ ಎತ್ತುವ ಶಕ್ತಿ ಇರಲಿಲ್ಲ. ಹಾಗಾಗಿ ಸೊಂಟದ ಹತ್ತಿರದಿಂದ, ಬಕೆಟ್ ನೀರು ಎರಚುವ ಹಾಗೆ ಎರಚುತ್ತಿದ್ದೆ. ಆ ಚಾಳಿ ಬಿಡಲು ಎರಡು ವರ್ಷ ಬೇಕಾಯಿತು.

ಈಗ ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಭಾನುವಾರ ಬೆಳಗ್ಗೆ ಅಕ್ಕಪಕ್ಕದ ಮನೆಯ ಏಳೆಂಟು ಮಕ್ಕಳಿಗೆ ಆಟ ಹೇಳಿಕೊಡುತ್ತೇನೆ. ಎಂಟು ವರ್ಷದಿಂದ ಹದಿಮೂರು ವರ್ಷದವರು. ನನ್ನ ಕ್ರಮ ಸ್ವಲ್ಪ ಉಲ್ಟಾ. ಮೊದಲು ಕಾಲು, ಆಮೇಲೆ ಕೈ, ಆಮೇಲೆ ಜೊತೆಗಾರ, ರಿಂಗು ಕೊನೆಗೆ. ಇದಕ್ಕೆ ಅರ್ಧ ಕಾರಣ ನಮ್ಮ ಮಳೆ. ಜೂನ್ ಬಂದರೆ ನಾಲ್ಕು ತಿಂಗಳು ಬಯಲಲ್ಲಿ ಚೆಂಡು ಪುಟಿಸುವ ಮಾತೇ ಇಲ್ಲ. ಉಳಿಯುವುದು ಜಗಲಿ, ಶಾಲೆಯ ವರಾಂಡ, ಶೀಟು ಹಾಕಿದ ಅಂಗಳ. ರಿಂಗು ಇಲ್ಲದ ಜಾಗದಲ್ಲಿ ಏನು ಕಲಿಯಬಹುದೋ ಅದನ್ನು ಮೊದಲು ಕಲಿಸಿದರಾಯಿತು, ಅಲ್ವಾ?

ಇದರಲ್ಲಿ ಇನ್ನೊಂದು ತಮಾಷೆ ಇದೆ. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಹೊರಗೆ ಆಡಲು ಆಗುವುದಿಲ್ಲ ಎನ್ನುವ ಕಾರಣಕ್ಕೆ. ವರ್ಷ 1891, ಡಿಸೆಂಬರ್ ತಿಂಗಳು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರು. ಹೊರಗೆ ಚಳಿಗಾಲ, ಒಳಗೆ ಬೇಜಾರು ಹಿಡಿದು ಕೂತ 18 ಹುಡುಗರು. ಅವರಿಗೆ ಪಾಠ ಮಾಡುತ್ತಿದ್ದ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಪೀಚ್ ಹಣ್ಣಿನ ಎರಡು ಬುಟ್ಟಿ ತರಿಸಿ, ಜಿಮ್ನಾಷಿಯಂನ ಮಹಡಿಯ ಕಟಕಟೆಗೆ ಹೊಡೆಸಿದರು. ಆ ಕಟಕಟೆ ಇದ್ದದ್ದು 10 ಅಡಿ ಎತ್ತರದಲ್ಲಿ. ಇವತ್ತಿಗೂ ರಿಂಗಿನ ಎತ್ತರ ಅದೇ, 3.05 ಮೀಟರ್. ಬುಟ್ಟಿಯ ತಳ ತೆಗೆದಿರಲಿಲ್ಲ. ಚೆಂಡು ಬಿದ್ದಾಗಲೆಲ್ಲ ಯಾರಾದರೂ ಹತ್ತಿ ತೆಗೆಯಬೇಕಿತ್ತು. ನಮ್ಮಲ್ಲಿ ಹುಟ್ಟಿದ್ದರೆ ಹೆಡಿಗೆ ಕಟ್ಟುತ್ತಿದ್ದರೋ ಏನೋ.

ನೈಸ್ಮಿತ್ ಬರೆದದ್ದು 13 ನಿಯಮ. ಅದರಲ್ಲಿ ಡ್ರಿಬಲ್, ಅಂದರೆ ಚೆಂಡು ಪುಟಿಸುವುದು, ಇರಲೇ ಇಲ್ಲ. ಚೆಂಡು ಹಿಡಿದವನು ಓಡುವಂತಿಲ್ಲ, ನಿಂತಲ್ಲಿಂದಲೇ ಇನ್ನೊಬ್ಬನಿಗೆ ಎಸೆಯಬೇಕು. ಓಡಿದರೆ ತಾನೇ ಹಿಡಿದು ಕೆಡವುವುದು, ಮೈಮೇಲೆ ಬೀಳುವುದು? ಓಟವನ್ನೇ ನಿಲ್ಲಿಸಿದರೆ ಪೆಟ್ಟು ಕಡಿಮೆ ಎಂಬ ಲೆಕ್ಕ. ಗೋಲು ತಲೆಯ ಮೇಲೆ ಇಟ್ಟದ್ದೂ ಅದಕ್ಕೇ. ಬಲವಾಗಿ ಬೀಸಿ ಎಸೆದರೆ ಬುಟ್ಟಿಗೆ ಬೀಳುವುದಿಲ್ಲ, ಮೆತ್ತಗೆ ಮೇಲಕ್ಕೆ ಹಾಕಬೇಕು. ಚಿಕ್ಕವರಿದ್ದಾಗ ಆಡಿದ್ದ ಒಂದು ಆಟ ನೆನಪಾಗಿ ಅವರಿಗೆ ಇದು ಹೊಳೆಯಿತಂತೆ. ಬಂಡೆಯ ಮೇಲಿಟ್ಟ ಕಲ್ಲನ್ನು ಕಲ್ಲು ಎಸೆದು ಬೀಳಿಸುವ ಆಟ. ನಮ್ಮ ಲಗೋರಿಗೆ ದೂರದ ನೆಂಟ ಅನ್ನಬಹುದು.

ಯಾವ ಚೆಂಡು, ಎಲ್ಲಿ ಆಟ

ಸೈಜು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಗಂಡಸರ ಆಟಕ್ಕೆ 7ನೇ ಸೈಜು, 600 ಗ್ರಾಂ ಆಸುಪಾಸು. ಹೆಂಗಸರ ಆಟಕ್ಕೆ 6ನೇ ಸೈಜು. ಹನ್ನೆರಡು ವರ್ಷದೊಳಗಿನ ಹುಡುಗ ಹುಡುಗಿಯರಿಗೆ 5ನೇ ಸೈಜು, ಸುತ್ತಳತೆ 69ರಿಂದ 71 ಸೆಂಟಿಮೀಟರ್, ತೂಕ 500 ಗ್ರಾಂ ಒಳಗೆ. ಅಂಗಡಿಯವರು "ಮುಂದೆ ಬೆಳೀತಾನಲ್ಲ ಸಾರ್, ದೊಡ್ಡದೇ ತಗೊಳ್ಳಿ" ಎನ್ನುತ್ತಾರೆ. ಯೂನಿಫಾರ್ಮಿಗೆ ಆ ಮಾತು ಸರಿ. ಚೆಂಡಿಗೆ ಸರಿಯಲ್ಲ.

ರಬ್ಬರ್ ಚೆಂಡೇ ಸಾಕು. ನಿವಿಯಾ, ಕಾಸ್ಕೋ ಎಲ್ಲ ಕ್ರೀಡಾ ಸಾಮಾನಿನ ಅಂಗಡಿಯಲ್ಲೂ ಇರುತ್ತವೆ, ಸಾಮಾನ್ಯವಾಗಿ ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಚರ್ಮದಂತೆ ಕಾಣುವ ದುಬಾರಿ ಚೆಂಡು ಮರದ ನೆಲದ ಒಳಾಂಗಣಕ್ಕೆ. ನಮ್ಮ ಸಿಮೆಂಟು, ಜಲ್ಲಿ, ನೀರಿಗೆ ಅದು ಒಂದು ಮಳೆಗಾಲವೂ ತಡೆಯುವುದಿಲ್ಲ. ಜೊತೆಗೆ ಎರಡು ಪಂಪಿನ ಸೂಜಿ ತನ್ನಿ. ಒಂದು ಮುರಿದೇ ಮುರಿಯುತ್ತದೆ. ಸೂಜಿ ಚುಚ್ಚುವ ಮೊದಲು ತುದಿಗೆ ಒಂದು ಹನಿ ನೀರು ಹಚ್ಚಬೇಕು. ಗಾಳಿ ಎಷ್ಟು ಎಂಬುದು ವಾಲ್ವಿನ ಪಕ್ಕದಲ್ಲೇ ಬರೆದಿರುತ್ತದೆ. ಮೀಟರ್ ಇಲ್ಲದಿದ್ದರೆ ಹೀಗೆ ನೋಡಿ: ಚೆಂಡನ್ನು ತಲೆಯ ಎತ್ತರದಿಂದ ಸುಮ್ನೆ ಕೈಬಿಟ್ಟರೆ ಸೊಂಟದ ಹತ್ತಿರಕ್ಕೆ ಪುಟಿಯಬೇಕು.

ಕಾಲಿಗೆ ಲೇಸು ಇರುವ ಶೂ ಬೇಕೇ ಬೇಕು. ಹವಾಯಿ ಚಪ್ಪಲಿಯಲ್ಲಿ ಬಂದವರನ್ನು ನಾನು ಆಡಿಸುವುದಿಲ್ಲ, ಎಷ್ಟೇ ಗೋಗರೆದರೂ.

ಜಾಗದ ವಿಷಯ. ಸಗಣಿ ಸಾರಿಸಿದ ಅಂಗಳದಲ್ಲಿ ಚೆಂಡು ಪುಟಿಯುವುದಿಲ್ಲ, ಸೋಮಾರಿಯ ಹಾಗೆ ಕೂತುಬಿಡುತ್ತದೆ. ಸಿಮೆಂಟಿನ ಜಗಲಿ ಚೆನ್ನ, ಅಡಿಕೆ ಒಣಗಿಸಲು ಮಾಡಿಸಿದ ಕಾಂಕ್ರೀಟು ಅಂಗಳ ಇನ್ನೂ ಚೆನ್ನ. ಕೊಯ್ಲಿನ ಹೊತ್ತಿಗೆ ಮಾತ್ರ ಅಲ್ಲಿ ಮಕ್ಕಳಿಗೆ ಪ್ರವೇಶ ಇಲ್ಲ. ಅಡಿಕೆ ಹರಗಿದ ಮೇಲೆ ಚೆಂಡು ಬಿದ್ದರೆ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ.

ಮೊದಲು ಕಾಲು

ಮೊದಲ ಎರಡು ಭಾನುವಾರ ನಾನು ಚೆಂಡು ಪುಟಿಸಲು ಬಿಡುವುದಿಲ್ಲ. ಮಕ್ಕಳು ಮುಖ ಊದಿಸಿಕೊಳ್ಳುತ್ತಾರೆ. ಊದಿಸಿಕೊಳ್ಳಲಿ.

ನಿಲ್ಲುವುದು ಹೀಗೆ. ಪಾದಗಳ ನಡುವೆ ಭುಜದಷ್ಟು ಅಗಲ. ಮಂಡಿ ಬಗ್ಗಿರಬೇಕು, ಬೆನ್ನು ನೆಟ್ಟಗೆ, ಭಾರ ಪಾದದ ಮುಂಭಾಗದಲ್ಲಿ. ಹಿಮ್ಮಡಿಯ ಕೆಳಗೆ ಒಂದು ಕಾಗದ ತೂರಿಸಿದರೆ ತೂರಬೇಕು. ಕಬಡ್ಡಿಯಲ್ಲಿ ರೈಡರ್ ಬರುವಾಗ ಕಾಯುತ್ತಾ ನಿಲ್ಲುತ್ತೀರಲ್ಲ, ಹೆಚ್ಚುಕಡಿಮೆ ಅದೇ. ಖೋಖೋ ಆಡಿದ ಮಕ್ಕಳಿಗಂತೂ ಇದು ಅರ್ಧ ಗಂಟೆಯ ಪಾಠ. ಬರೀ ಕ್ರಿಕೆಟ್ ಆಡಿದವರಿಗೆ ಸ್ವಲ್ಪ ಜಾಸ್ತಿ ಹೊತ್ತು ಬೇಕು.

ಆಮೇಲೆ ನಿಲ್ಲಿಸುವುದು. ಜಗಲಿಯ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಓಡಿ. ನಾನು ಚಪ್ಪಾಳೆ ತಟ್ಟಿದ ಕೂಡಲೇ ಎರಡೂ ಪಾದ ಒಟ್ಟಿಗೆ ಊರಿ ನಿಲ್ಲಬೇಕು. ಒಂದೇ ಸದ್ದು ಕೇಳಬೇಕು. 'ಟಪ್-ಟಪ್' ಎಂದು ಎರಡು ಕೇಳಿದರೆ ಮತ್ತೆ ಓಡಿ. ಮೂಗು ಮುಂದಕ್ಕೆ ಬಾಗಿದರೆ ಮಂಡಿ ಸಾಕಷ್ಟು ಬಗ್ಗಿಲ್ಲ ಎಂದರ್ಥ.

ಮೂರನೆಯದು ಪಿವಟ್. ನಿಂತ ಮೇಲೆ ಒಂದು ಕಾಲನ್ನು ಗೂಟದ ಹಾಗೆ ನೆಲಕ್ಕೆ ಊರಿ, ಇನ್ನೊಂದು ಕಾಲನ್ನು ಎತ್ತ ಬೇಕಾದರೂ ಇಡಬಹುದು. ಗೂಟಕ್ಕೆ ಕಟ್ಟಿದ ಕರು ಸುತ್ತಲೂ ಓಡಾಡುತ್ತದೆ, ಗೂಟ ಮಾತ್ರ ಅಲ್ಲೇ ಇರುತ್ತದೆ. ಊರಿದ ಪಾದ ತಿರುಗಬಹುದು, ಜಾಗ ಬಿಡಬಾರದು. ಬಿಟ್ಟರೆ ಟ್ರಾವೆಲಿಂಗ್, ಚೆಂಡು ಎದುರಾಳಿಗೆ. ನನ್ನ ಹತ್ತಿರ ಬಂದ ಮಕ್ಕಳಲ್ಲಿ ಎಲ್ಲರೂ ಮೊದಲ ಮ್ಯಾಚಿನಲ್ಲಿ ಚೆಂಡು ಕಳೆದುಕೊಂಡದ್ದು ಈ ಒಂದು ತಪ್ಪಿಗೇ. ಹಾಗಾಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ರೂಪಾಯಿಯಷ್ಟು ದೊಡ್ಡ ಚುಕ್ಕೆ ಹಾಕುತ್ತೇನೆ. ಶೂವಿನ ತುದಿ ಆ ಚುಕ್ಕೆಯ ಮೇಲೇ ಇರಬೇಕು. ಎಡಗಾಲು ಊರಿ ಹತ್ತು ಸುತ್ತು, ಬಲಗಾಲು ಊರಿ ಹತ್ತು ಸುತ್ತು. ಚುಕ್ಕೆ ಅಳಿಸಿದವರು ಮತ್ತೆ ಬರೆಯಬೇಕು.

ಕೈಗೆ ಚೆಂಡು

ಡ್ರಿಬಲ್ ಶುರು ಮಾಡುವುದು ನಿಂತಲ್ಲ, ಒಂದು ಮಂಡಿಯೂರಿ ಕೂತು. ಚೆಂಡು ನೆಲಕ್ಕೆ ಹತ್ತಿರ ಇದ್ದಷ್ಟೂ ತಪ್ಪಿಸಿಕೊಳ್ಳುವ ದಾರಿ ಕಡಿಮೆ. ಬೆರಳು ಅಗಲಿಸಿ. ಅಂಗೈ ಮುಟ್ಟಬಾರದು, ಬೆರಳಿನ ಮೆತ್ತನೆ ಭಾಗ ಮಾತ್ರ ಮುಟ್ಟಬೇಕು. ಚೆಂಡಿಗೆ ಹೊಡೆಯಬಾರದು, ಮಣಿಕಟ್ಟಿನಿಂದ ಕೆಳಕ್ಕೆ ಒತ್ತಬೇಕು. ಅದು ವಾಪಸ್ ಬರುವಾಗ ಕೈ ಅದರ ಜೊತೆಗೇ ಸ್ವಲ್ಪ ಮೇಲೆ ಬರಬೇಕು.

ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ಮಕ್ಕಳಿಗೆ ಹತ್ತುವುದಿಲ್ಲ. ನಮ್ಮ ಕೆಮ್ಮಣ್ಣು ಚೆನ್ನಾಗಿ ಹೇಳಿಕೊಡುತ್ತದೆ. ಒದ್ದೆ ಮಣ್ಣಿನ ಮೇಲೆ ಚೆಂಡನ್ನು ಒಮ್ಮೆ ಉರುಳಿಸಿ ತನ್ನಿ. ಬಟ್ಟೆಯಲ್ಲಿ ಅರ್ಧ ಒರೆಸಿ. ಐವತ್ತು ಸಲ ಪುಟಿಸಿ, ಕೈ ತಿರುಗಿಸಿ ನೋಡಿಕೊಳ್ಳಿ. ಐದು ಬೆರಳಿನ ತುದಿ, ಅದರ ಕೆಳಗಿನ ದಿಬ್ಬ ಕೆಂಪಾಗಿ, ಅಂಗೈಯ ಗುಂಡಿ ಬೆಳ್ಳಗೆ ಉಳಿದಿದ್ದರೆ ಪಾಸು. ಇಡೀ ಅಂಗೈ ಕೆಂಪಾಗಿದ್ದರೆ ನೀವು ಚೆಂಡಿಗೆ ಏಟು ಹಾಕುತ್ತಿದ್ದೀರಿ. ನನ್ನ ಗುಂಪಿನ ಒಬ್ಬ ಹುಡುಗಿ ಮೂರು ವಾರ ಕೈ ತೋರಿಸಲು ಒಪ್ಪಲಿಲ್ಲ, ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತಿದ್ದಳು. ನಾಲ್ಕನೇ ವಾರ ತಾನಾಗಿ ಓಡಿಬಂದು ಅಂಗೈ ಬಿಚ್ಚಿದಳು. ನಡುವೆ ನಾಣ್ಯದಷ್ಟು ಬಿಳಿ ಜಾಗ. ಆ ದಿನ ಪಾಠ ಅಲ್ಲಿಗೇ ನಿಲ್ಲಿಸಿದೆ, ಎಲ್ಲರಿಗೂ ಕೋಡುಬಳೆ.

ಕೂತು ಪುಟಿಸುವುದು ಬಂದ ಮೇಲೆ ನಿಲ್ಲಿ. ಚೆಂಡು ಕಾಲಿನ ಮುಂದೆ ಬೇಡ, ಪಾದದ ಹೊರಬದಿಗೆ ಇರಲಿ. ಎದುರಿಗೆ ಇಟ್ಟರೆ ನಿಮ್ಮ ಮಂಡಿಗೇ ತಾಗುತ್ತದೆ, ಎದುರಾಳಿಗೂ ಸುಲಭವಾಗಿ ಸಿಗುತ್ತದೆ. ಎತ್ತರ ಮಂಡಿಯಿಂದ ಸೊಂಟದ ನಡುವೆ. ಇನ್ನೊಂದು ಕೈ ಸುಮ್ನೆ ನೇತಾಡಬಾರದು, ಮೊಣಕೈ ಮಡಿಸಿ ಬೇಲಿಯ ಹಾಗೆ ಮುಂದಿರಲಿ.

ಬಲಗೈಯಲ್ಲಿ ನೂರು ಸಲ ಪುಟಿಸಿದರೆ ಎಡಗೈಯಲ್ಲಿ ಇನ್ನೂರು. ಎಡಗೈಯವರು ಇದನ್ನು ತಿರುಗಿಸಿ ಓದಿಕೊಳ್ಳಿ. ಮಕ್ಕಳು ಇದರಲ್ಲಿ ಮೋಸ ಮಾಡುತ್ತಾರೆ, ನಲವತ್ತರಿಂದ ನೇರ ಎಪ್ಪತ್ತಕ್ಕೆ ಹಾರುತ್ತಾರೆ. ಗಟ್ಟಿಯಾಗಿ ಎಣಿಸಲು ಹೇಳಿ.

ಇನ್ನು ಕಣ್ಣು. ಚೆಂಡನ್ನು ನೋಡುತ್ತಾ ಪುಟಿಸುವವರಿಗೆ ಜೊತೆಗಾರ ಕಾಣುವುದಿಲ್ಲ. ಇದಕ್ಕೆ ಹೆಂಚಿನ ಮನೆಗಿಂತ ಒಳ್ಳೆಯ ಉಪಾಯ ಇಲ್ಲ. ಜಗಲಿಯಲ್ಲಿ ನಿಂತು ಪುಟಿಸುತ್ತಾ ಮಾಡಿನ ರೀಪು ಎಣಿಸಿ, ಆಮೇಲೆ ಒಂದು ಸಾಲಿನ ಹೆಂಚು ಎಣಿಸಿ. ಇಬ್ಬರಿದ್ದರೆ ಒಬ್ಬರು ಬೆರಳು ತೋರಿಸುವುದು, ಇನ್ನೊಬ್ಬರು ಪುಟಿಸುತ್ತಲೇ ಎಷ್ಟು ಎಂದು ಹೇಳುವುದು. ತಪ್ಪಿದರೆ ಚೆಂಡು ಜಗಲಿ ಇಳಿದು, ಅಂಗಳ ದಾಟಿ, ಧರೆ ಇಳಿದು ಸೀದಾ ಅಡಿಕೆ ತೋಟಕ್ಕೆ. ಮಳೆಗಾಲದಲ್ಲಿ ತೋಟಕ್ಕೆ ಇಳಿದು ಬಂದರೆ ಕಾಲಿಗೆ ಕನಿಷ್ಠ ಎರಡು ಉಂಬಳ. ಇದಕ್ಕಿಂತ ಗಟ್ಟಿ ಕೋಚ್ ಶಿವಮೊಗ್ಗ ಜಿಲ್ಲೆಯಲ್ಲಿ ಇನ್ನೊಬ್ಬ ಇಲ್ಲ!

ನಿಂತು ಬಂದರೆ ನಡೆಯುತ್ತಾ, ನಡೆದು ಬಂದರೆ ಓಡುತ್ತಾ. ಓಡುವಾಗ ಚೆಂಡಿನ ನೆತ್ತಿಗೆ ಅಲ್ಲ, ಸ್ವಲ್ಪ ಹಿಂಬದಿಗೆ ಒತ್ತಿ, ಮುಂದಕ್ಕೆ ಹೋಗುತ್ತದೆ. ನಾಲ್ಕು ಹೂವಿನ ಕುಂಡ ಸಾಲಾಗಿಟ್ಟು ನಡುವೆ ಸುತ್ತಿ ಬನ್ನಿ. ಪ್ರತಿ ಕುಂಡದ ಹತ್ತಿರ ಚೆಂಡು ಒಂದು ಕೈಯಿಂದ ಇನ್ನೊಂದಕ್ಕೆ ಹೋಗಬೇಕು. ಇದು ಕ್ರಾಸ್‌ಓವರ್. ಮಂಡಿಗಿಂತ ಕೆಳಗೆ, ಒಂದೇ ಪುಟಿತದಲ್ಲಿ ದಾಟಿಸಬೇಕು. ಅಜ್ಜಿಯ ಸೇವಂತಿಗೆ ಕುಂಡ ಮಾತ್ರ ಬೇಡ, ಖಾಲಿ ಕುಂಡ ಇಡಿ.

ಪಾಸ್: ಹಿಡಿಯುವವರದ್ದೇ ಹೆಚ್ಚು ಕೆಲಸ

ಚೆಸ್ಟ್ ಪಾಸ್‌ಗೆ ಚೆಂಡು ಎದೆಯ ಹತ್ತಿರ, ಎರಡೂ ಹೆಬ್ಬೆರಳು ಚೆಂಡಿನ ಹಿಂದೆ. ಒಂದು ಹೆಜ್ಜೆ ಮುಂದಿಡುತ್ತಾ ಕೈ ಪೂರ್ತಿ ಚಾಚಿ ತಳ್ಳಿ. ಬಿಟ್ಟ ಮೇಲೆ ಹೆಬ್ಬೆರಳು ನೆಲ ನೋಡುತ್ತಿರಬೇಕು, ಅಂಗೈ ಹೊರಗೆ. ಬೌನ್ಸ್ ಪಾಸ್‌ಗೂ ಇದೇ ಕೈ. ಚೆಂಡು ಮಾತ್ರ ನಿಮ್ಮಿಬ್ಬರ ನಡುವಿನ ದೂರದ ಮೂರನೇ ಎರಡು ಭಾಗ ದಾಟಿ ನೆಲಕ್ಕೆ ಬೀಳಬೇಕು. ಆಗ ಅದು ಹಿಡಿಯುವವರ ಸೊಂಟಕ್ಕೆ ಬರುತ್ತದೆ. ನಿಮ್ಮ ಕಾಲ ಹತ್ತಿರ ಬಿದ್ದರೆ ನಿಧಾನವಾಗಿ, ಎತ್ತರಕ್ಕೆ ಹೋಗಿ ಎಲ್ಲರಿಗೂ ಸಿಗುವ ಚೆಂಡಾಗುತ್ತದೆ.

ಹಿಡಿಯುವಾಗ ಬೆರಳು ಚೆಂಡಿನ ಕಡೆಗೆ ಚೂಪಾಗಿ ಚಾಚಬೇಡಿ. ಬೆರಳು ಸಿಕ್ಕಿಕೊಂಡು ಊದಿಕೊಳ್ಳುವುದು ಹೀಗೆಯೇ. ಬೆರಳು ಮೇಲಕ್ಕಿರಲಿ, ಅಂಗೈ ಚೆಂಡು ಬರುವ ಕಡೆಗೆ. ಮುಟ್ಟಿದ ಕ್ಷಣ ಕೈ ಸ್ವಲ್ಪ ಹಿಂದಕ್ಕೆ ಕೊಡಿ. ಕೊನೆ ಕೊಯ್ಯುವಾಗ ನೋಡಿದ್ದೀರಲ್ಲ, ಮರದ ಮೇಲಿಂದ ಅಡಿಕೆ ಕೊನೆ ಹಗ್ಗದಲ್ಲಿ ಜಾರಿ ಬರುತ್ತದೆ. ಕೆಳಗೆ ಹಿಡಿಯುವವರು ಅದಕ್ಕೆ ಎದುರು ಕೊಟ್ಟು ಗುದ್ದಿಸಿಕೊಳ್ಳುವುದಿಲ್ಲ. ಅದರ ಜೊತೆಗೇ ಬಾಗಿ ಹಿಡಿಯುತ್ತಾರೆ.

ಇಲ್ಲಿ ಒಂದು ಆಟ. ಮೂರು ಮೂರು ಜನರ ಎರಡು ತಂಡ, ರಿಂಗು ಬೇಡ. ಡ್ರಿಬಲ್ ಮಾಡುವಂತಿಲ್ಲ, ಚೆಂಡು ಹಿಡಿದು ಓಡುವಂತಿಲ್ಲ. ಬಿಡದೆ ಐದು ಪಾಸ್ ಮಾಡಿದ ತಂಡಕ್ಕೆ ಒಂದು ಪಾಯಿಂಟು. ನೈಸ್ಮಿತ್ ಮೇಷ್ಟ್ರ ಮೊದಲ ನಿಯಮಗಳ ಹತ್ತಿರದ ಆಟ ಇದು. ಐದೇ ನಿಮಿಷದಲ್ಲಿ ಮಕ್ಕಳಿಗೆ ಒಂದು ಸತ್ಯ ಗೊತ್ತಾಗುತ್ತದೆ. ಚೆಂಡು ಇಲ್ಲದವರು ನಿಂತಲ್ಲೇ "ನಂಗೆ ಕೊಡೋ, ನಂಗೆ ಕೊಡೋ" ಎಂದು ಕೂಗಿದರೆ ಏನೂ ಆಗುವುದಿಲ್ಲ, ಖಾಲಿ ಜಾಗಕ್ಕೆ ಓಡಬೇಕು.

ಈಗ ರಿಂಗು

ರಿಂಗಿನ ಒಳ ಅಗಲ 45 ಸೆಂಟಿಮೀಟರ್. ಮಕ್ಕಳ 5ನೇ ಸೈಜಿನ ಚೆಂಡಿನ ಅಗಲ 22 ಸೆಂಟಿಮೀಟರ್‌ಗಿಂತ ತುಸು ಜಾಸ್ತಿ. ಅಂದರೆ ಎರಡು ಚೆಂಡು ಹೆಚ್ಚುಕಡಿಮೆ ಪಕ್ಕಪಕ್ಕ ಕೂರುವಷ್ಟು ಜಾಗ ಇದೆ. ಇದನ್ನು ಏಣಿ ಹತ್ತಿಸಿ ಒಮ್ಮೆ ಕಣ್ಣಾರೆ ತೋರಿಸಿ. ಅಷ್ಟು ದೊಡ್ಡದಾ ಎಂದು ಬಾಯಿ ಬಿಡುತ್ತಾರೆ. ಕೆಳಗಿನಿಂದ ಚಿಕ್ಕದಾಗಿ ಕಾಣುವುದಕ್ಕೆ ಕಾರಣ ನೋಡುವ ಕೋನ. ಊಟದ ತಟ್ಟೆಯನ್ನು ಮೇಲಿಂದ ನೋಡಿದರೆ ದುಂಡಗೆ, ಕಣ್ಣಿನ ಮಟ್ಟಕ್ಕೆ ಹಿಡಿದರೆ ಒಂದು ಗೆರೆ. ಚೆಂಡಿಗೂ ಹಾಗೆಯೇ. ಎತ್ತರದಿಂದ ಇಳಿದರೆ ದೊಡ್ಡ ಬಾಯಿ ಸಿಗುತ್ತದೆ, ಚಪ್ಪಟೆಯಾಗಿ ಹೋದರೆ ಸಂದಿ ಮಾತ್ರ.

ಹನ್ನೆರಡು ವರ್ಷದೊಳಗಿನವರಿಗೆ ರಿಂಗು 2.60 ಮೀಟರ್ ಎತ್ತರದಲ್ಲಿರಬೇಕು. ಮಿನಿ ಬ್ಯಾಸ್ಕೆಟ್‌ಬಾಲ್‌ನ ಅಳತೆ ಅದು. ಮನೆಯಲ್ಲೇ ಮಾಡಿಸುವುದಾದರೆ ವೆಲ್ಡಿಂಗ್ ಅಂಗಡಿಯವರಿಗೆ 45 ಸೆಂಟಿಮೀಟರ್ ಬಳೆ ಎಂದು ಹೇಳಿದರೆ ಸಾಕು, 16 ಎಂಎಂ ಸರಳಿನಲ್ಲಿ ಬಗ್ಗಿಸಿ ಕೊಡುತ್ತಾರೆ. ಅಡಿಕೆ ಮರಕ್ಕೆ ಕಟ್ಟಬೇಡಿ, ಚೆಂಡು ತಾಗಿದಾಗೆಲ್ಲ ತೂಗುತ್ತದೆ. ನೆಲದಲ್ಲಿ ಹೂತ ಕಬ್ಬಿಣದ ಪೈಪು ಒಳ್ಳೆಯದು. ಹಿಂದೆ ಹಲಗೆಗೆ ಪ್ಲೈವುಡ್ ಹಾಕಿದರೆ ಎರಡೂ ಬದಿ, ನಾಲ್ಕೂ ಅಂಚಿಗೆ ಪೇಂಟ್ ಹೊಡೆಯಿರಿ. ಅಂಚು ಬಿಟ್ಟರೆ ಆಷಾಢ ಮುಗಿಯುವುದರೊಳಗೆ ಹಪ್ಪಳದ ಹಾಗೆ ಎದ್ದಿರುತ್ತದೆ.

ಶಾಟ್ ಮೊದಲು ಕಲಿಯುವುದು ಮಲಗಿಕೊಂಡು! ಜಗಲಿಯಲ್ಲಿ ಅಂಗಾತ ಮಲಗಿ. ಬಲಗೈ ಚೆಂಡಿನ ಕೆಳಗೆ, ಮೊಣಕೈ ಮೈಗೆ ಹತ್ತಿರ. ಎಡಗೈ ಪಕ್ಕದಲ್ಲಿ ಸುಮ್ನೆ ಆಸರೆಗೆ. ನೇರ ಮೇಲಕ್ಕೆ ಎಸೆಯಿರಿ, ಎರಡು ಮೂರು ಅಡಿ ಸಾಕು. ಚೆಂಡು ಮೂಗಿನ ಮೇಲೇ ವಾಪಸ್ ಬರಬೇಕು, ಹಿಮ್ಮುಖವಾಗಿ ಸುತ್ತುತ್ತಾ. ಅಕ್ಕಪಕ್ಕಕ್ಕೆ ಹೋದರೆ ಎಡಗೈ ತಳ್ಳುತ್ತಿದೆ, ಅಥವಾ ಮೊಣಕೈ ಹೊರಗೆ ಹೋಗಿದೆ. ಕೈ ಬಿಟ್ಟ ಮೇಲೆ ಮಣಿಕಟ್ಟು ಬಾಳೆಗೊನೆಯ ತುದಿಯ ಹೂವಿನ ಹಾಗೆ ಮುಂದಕ್ಕೆ ಬಾಗಿ ನಿಲ್ಲಬೇಕು. ಹಾಗೇ ಒಂದು ಕ್ಷಣ ಬಿಡಿ. ಹೆಂಚಿಗೆ ತಾಗಬಾರದು ಎಂಬ ಭಯ ಇದ್ದರೆ ಹತೋಟಿ ಬೇಗ ಬರುತ್ತದೆ. ನಮ್ಮ ಅಜ್ಜಿ ಒಳಗಿನಿಂದಲೇ ಕೂಗುತ್ತಿದ್ದರು: "ಹೆಂಚು ಒಡೆದ್ರೆ ನಿನ್ ಚೆಂಡು ಬಾವಿಗೆ ಹೋಗುತ್ತೆ ನೋಡು!"

ಇದಾದ ಮೇಲೆ ರಿಂಗಿನಿಂದ ಒಂದೂವರೆ ಮೀಟರ್ ದೂರ ನಿಲ್ಲಿ. ಅದಕ್ಕಿಂತ ಹಿಂದೆ ಹೋಗುವ ಆಸೆ ಎಲ್ಲರಿಗೂ ಬರುತ್ತದೆ, ಬಿಡಬೇಡಿ. ಬಲಗೈಯವರ ಬಲಪಾದ ಅರ್ಧ ಪಾದ ಮುಂದೆ. ಮಂಡಿ ಬಗ್ಗಿಸಿ, ಮೇಲೇಳುತ್ತಾ ಕೈ ಚಾಚಿ. ಬಲ ಬರುವುದು ಕಾಲಿನಿಂದ, ದಿಕ್ಕು ಕೈಯಿಂದ. ಬಗ್ಗುವುದು, ಏಳುವುದು, ಬಿಡುವುದು ಮೂರೂ ಒಂದೇ ಅಲೆಯಾಗಿ ಬರಬೇಕು, ನಡುವೆ ನಿಲ್ಲಬಾರದು. ಕಣ್ಣು ಚೆಂಡಿನ ಹಿಂದೆ ಹೋಗಬಾರದು, ರಿಂಗಿನ ಮೇಲೇ ಇರಬೇಕು. ಅಲ್ಲಿಂದ ಹತ್ತರಲ್ಲಿ ಏಳು ಬಿದ್ದರೆ ಮಾತ್ರ ಒಂದು ಹೆಜ್ಜೆ ಹಿಂದೆ. ಏಳು ಬೀಳುವವರೆಗೆ ಎಷ್ಟು ವಾರ ಆದರೂ ಅಲ್ಲೇ. ಈ ಒಂದು ವಿಷಯದಲ್ಲಿ ನಾನು ಮಕ್ಕಳ ಜೊತೆ ರಾಜಿ ಮಾಡಿಕೊಳ್ಳುವುದಿಲ್ಲ. ದೂರದಿಂದ ಎಸೆಯಲು ಹೋಗಿ ಕೆಟ್ಟ ಕೈಯನ್ನು ನೇರ ಮಾಡುವ ಕಷ್ಟ ನನಗೆ ಗೊತ್ತು.

ಲೇಅಪ್ ಅಂದರೆ ಓಡುತ್ತಾ ಹೋಗಿ ಹತ್ತಿರದಿಂದ ಹಾಕುವುದು. ಇದನ್ನು ಹಿಂದಿನಿಂದ ಮುಂದಕ್ಕೆ ಕಲಿಸಿ. ಮೊದಲು ರಿಂಗಿನ ಬಲಪಕ್ಕದಲ್ಲಿ ಓರೆಯಾಗಿ ನಿಂತು, ಎಡಗಾಲಿನಿಂದ ಹಾರಿ, ಬಲಗೈಯಲ್ಲಿ ಬೋರ್ಡಿಗೆ ಮೆತ್ತಗೆ ತಾಗಿಸುವುದು. ಬಲಮಂಡಿ ಮೇಲೆ ಬರಬೇಕು. ಬಲಗೈಗೂ ಬಲಮಂಡಿಗೂ ಒಂದೇ ದಾರ ಕಟ್ಟಿದೆ, ಎರಡೂ ಒಟ್ಟಿಗೆ ಏಳುತ್ತವೆ ಎಂದುಕೊಳ್ಳಿ. ಬೋರ್ಡಿನ ಮೇಲೆ ಒಂದು ಸಣ್ಣ ಚೌಕ ಬರೆದಿರುತ್ತದೆ. ಅದರ ನಿಮ್ಮ ಕಡೆಯ ಮೇಲಿನ ಮೂಲೆಗೆ ಚೆಂಡು ತಾಗಿದರೆ ರಿಂಗಿಗೆ ಇಳಿಯುತ್ತದೆ. ಇದು ಬಂದ ಮೇಲೆ ಹಿಂದೆ ಒಂದು ಹೆಜ್ಜೆ ಸೇರಿಸಿ: ಬಲ, ಎಡ, ಹಾರು. ಚೆಂಡು ಬೇಡ, ಬರೀ ಕಾಲು. ಬಾಯಲ್ಲಿ ಹೇಳಿಕೊಂಡೇ ಮಾಡಲಿ, "ಬಲ-ಎಡ-ಹಾರು, ಬಲ-ಎಡ-ಹಾರು". ಆಮೇಲೆ ಚೆಂಡು ಹಿಡಿದು, ಕೊನೆಗೆ ಒಂದು ಡ್ರಿಬಲ್ ಸೇರಿಸಿ. ಎಡಗಡೆಯಿಂದ ಬಂದರೆ ಎಲ್ಲವೂ ಉಲ್ಟಾ.

ಎದುರಾಳಿಯನ್ನು ತಡೆಯುವುದು

ಇದಕ್ಕೆ ಹೆಚ್ಚು ಹೇಳುವುದಿಲ್ಲ, ಕಬಡ್ಡಿ ಆಡುವ ಊರಿನವರಿಗೆ ರಕ್ತದಲ್ಲೇ ಇದೆ. ಕಾಲು ಕತ್ತರಿ ಹಾಕದೆ ಪಕ್ಕಕ್ಕೆ ಜಾರಿಸಿಕೊಂಡು ಹೋಗಿ. ಎದುರಾಳಿಗೂ ರಿಂಗಿಗೂ ನಡುವೆ ನೀವಿರಬೇಕು. ಕಣ್ಣು ಅವರ ಸೊಂಟದ ಮೇಲೆ. ತಲೆ, ಭುಜ, ಚೆಂಡು ಎಲ್ಲ ಸುಳ್ಳು ಹೇಳಬಹುದು, ಸೊಂಟ ಹೋದ ಕಡೆಗೇ ಮನುಷ್ಯ ಹೋಗುವುದು. ಕೈ ಹಿಡಿದು ಎಳೆಯುವುದು ಮಾತ್ರ ಕಬಡ್ಡಿಗೆ ಬಿಟ್ಟುಬಿಡಿ, ಇಲ್ಲಿ ಅದು ಫೌಲು.

ಎಷ್ಟು ನಿಯಮ ಗೊತ್ತಿದ್ದರೆ ಸಾಕು?

ಪೂರ್ತಿ ಕೋರ್ಟು 28 ಮೀಟರ್ ಉದ್ದ, 15 ಮೀಟರ್ ಅಗಲ. ಒಂದು ತಂಡದಲ್ಲಿ ಐವರು ಆಡುತ್ತಾರೆ. ತಲಾ 10 ನಿಮಿಷದ ನಾಲ್ಕು ಭಾಗ. ಸಾಮಾನ್ಯ ಬುಟ್ಟಿಗೆ ಎರಡು ಪಾಯಿಂಟು, 6.75 ಮೀಟರ್ ಗೆರೆಯ ಹೊರಗಿನಿಂದ ಹಾಕಿದರೆ ಮೂರು, ಎದುರಾಳಿಯ ಫೌಲಿಗೆ ಸಿಗುವ ಫ್ರೀ ಥ್ರೋಗೆ ಒಂದು. ಪುಟಿಸಿ ನಿಲ್ಲಿಸಿ ಹಿಡಿದ ಮೇಲೆ ಮತ್ತೆ ಪುಟಿಸಿದರೆ ಡಬಲ್ ಡ್ರಿಬಲ್. ನಿಮ್ಮ ತಂಡದ ಕೈಯಲ್ಲಿ ಚೆಂಡಿದ್ದಾಗ ಎದುರಾಳಿಯ ರಿಂಗಿನ ಕೆಳಗಿನ ಚೌಕದಲ್ಲಿ ನೀವು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಐದು ಫೌಲಾದರೆ ಆಚೆ. 24 ಸೆಕೆಂಡು, 8 ಸೆಕೆಂಡು ಎಂಬ ಸಮಯದ ನಿಯಮಗಳೂ ಇವೆ, ಅವನ್ನು ಗಡಿಯಾರ ಇಡುವ ಮಟ್ಟಕ್ಕೆ ಬಂದಾಗ ನೋಡಿಕೊಳ್ಳೋಣ.

ನಮ್ಮ ಕಡೆ ಎಷ್ಟೋ ಮೈದಾನದಲ್ಲಿ ಇರುವುದು ಒಂದೇ ರಿಂಗು. ಇನ್ನೊಂದು ಕಂಬ ತುಕ್ಕು ಹಿಡಿದು ಬಿದ್ದಿರುತ್ತದೆ, ಅಥವಾ ಬಟ್ಟೆ ಒಣಗಿಸುವ ತಂತಿಗೆ ಆಧಾರವಾಗಿರುತ್ತದೆ. ಬೇಜಾರು ಬೇಡ. ಒಂದೇ ರಿಂಗಿನ ಆಟಕ್ಕೆ ಒಲಿಂಪಿಕ್ಸ್‌ನಲ್ಲೇ ಜಾಗ ಸಿಕ್ಕಿದೆ. ತ್ರೀ ಬೈ ತ್ರೀ ಅಂತ ಅದರ ಹೆಸರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಬಂತು. ಮೂವರು ಮೂವರು, ಅರ್ಧ ಕೋರ್ಟು, 10 ನಿಮಿಷ. ಅಷ್ಟರೊಳಗೆ 21 ಪಾಯಿಂಟು ಮುಟ್ಟಿದವರು ಅಲ್ಲೇ ಗೆದ್ದರು. ಆ 6.75 ಮೀಟರ್ ಗೆರೆಯ ಕಮಾನಿನ ಒಳಗಿನಿಂದ ಹಾಕಿದರೆ ಒಂದು, ಹೊರಗಿನಿಂದ ಎರಡು. ಎದುರಾಳಿಯಿಂದ ಚೆಂಡು ಕಸಿದುಕೊಂಡರೆ ಮೊದಲು ಕಮಾನಿನ ಹೊರಗೆ ಒಯ್ದು ಆಮೇಲೆ ದಾಳಿ ಮಾಡಬೇಕು. ಆರು ಮಕ್ಕಳಿದ್ದರೆ ಆಟ ಶುರು.

"ನಾನು ಕುಳ್ಳ, ಆಡಬಹುದಾ?" ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಮಗ್ಸಿ ಬೋಗ್ಸ್ ಎಂಬ ಆಟಗಾರರಿದ್ದರು. ಎತ್ತರ 5 ಅಡಿ 3 ಅಂಗುಲ, ಆಡಿದ್ದು 14 ಸೀಸನ್. ಕೆಳಗೆ ಪುಟಿಯುವ ಚೆಂಡನ್ನು ಅವರಷ್ಟು ಬೇಗ ಕಸಿಯುವವರು ಕಡಿಮೆ. ಇನ್ನೊಂದು ತುದಿಗೆ ನಮ್ಮ ಪಂಜಾಬಿನ ಹಳ್ಳಿಯ ಸತ್ನಾಮ್ ಸಿಂಗ್, 7 ಅಡಿ 2 ಅಂಗುಲ. 2015ರಲ್ಲಿ ಎನ್‌ಬಿಎ ತಂಡವೊಂದು ಆಯ್ಕೆ ಮಾಡಿಕೊಂಡ ಮೊದಲ ಭಾರತೀಯ ಅವರು. ಇಬ್ಬರೂ ಆಡಿದ್ದು ಒಂದೇ ಎತ್ತರದ ರಿಂಗಿಗೆ.

ಹಾವಸೆ, ಬೆರಳು, ಪಾದ

ಮಳೆ ನಿಂತು ಕೋರ್ಟಿಗೆ ಇಳಿಯುವ ಮೊದಲ ವಾರ ಎಚ್ಚರ. ಕಾಂಕ್ರೀಟಿನ ಮೇಲೆ ಹಾವಸೆ ಕಟ್ಟಿರುತ್ತದೆ. ಒಣಗಿದ ಹಾಗೆ ಕಂಡರೂ ಬೆಳಗಿನ ಇಬ್ಬನಿಗೆ ಮತ್ತೆ ಜಾರುತ್ತದೆ. ಹತ್ತನೇ ಕ್ಲಾಸಿನಲ್ಲಿದ್ದಾಗ ಅಂಥ ಒಂದು ಕೋರ್ಟಿನಲ್ಲಿ ಲೇಅಪ್‌ಗೆ ಓಡಿದೆ. ಬಲ, ಎಡ ಆಯಿತು, ಹಾರಲಿಲ್ಲ. ಪಾದ ತಿರುಚಿ ಒಂದೂವರೆ ತಿಂಗಳು ಬಸ್ಸಿನ ಮೆಟ್ಟಿಲು ಹತ್ತಲು ಬೇರೆಯವರ ಹೆಗಲು ಬೇಕಾಯಿತು. ಬ್ಲೀಚಿಂಗ್ ಪುಡಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಗಟ್ಟಿ ಬ್ರಷ್‌ನಲ್ಲಿ ದೊಡ್ಡವರು ಉಜ್ಜಿ ತೊಳೆಯಲಿ. ಪೂರ್ತಿ ಒಣಗಿದ ಮೇಲೆ ಆಟ.

ಬೆರಳು ಅಥವಾ ಪಾದ ಊದಿಕೊಂಡರೆ ಆಟ ಅಲ್ಲಿಗೆ ನಿಲ್ಲಿಸಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡಿ, ಕಾಲು ಎತ್ತರದಲ್ಲಿರಲಿ. ಕೂಡಲೇ ಎಣ್ಣೆ ಹಾಕಿ ತಿಕ್ಕಬೇಡಿ, ಬೆರಳು ಹಿಡಿದು ಎಳೆಯಬೇಡಿ. ನೆಲಕ್ಕೆ ಕಾಲೂರಲು ಆಗದಿದ್ದರೆ, ಬೆರಳು ಸೊಟ್ಟಗೆ ಕಂಡರೆ ಆಸ್ಪತ್ರೆಗೇ ಹೋಗಬೇಕು. ಆಟಕ್ಕೆ ಮುಂಚೆ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದನ್ನು ತಪ್ಪಿಸಬೇಡಿ. ಉಗುರು ಕತ್ತರಿಸಿರಬೇಕು. ಬಳೆ, ಉಂಗುರ, ಓಲೆ ತೆಗೆದಿಡಬೇಕು.

ಯಾವಾಗ ಏನು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಗಲಿ: ಕಾಲು, ಡ್ರಿಬಲ್, ಪಾಸ್, ಮಲಗಿ ಶಾಟ್. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ವಾರಕ್ಕೊಮ್ಮೆ ಎರಡು ಗಂಟೆ ಬೆವರು ಸುರಿಸುವುದಕ್ಕಿಂತ ಇದು ಮೇಲು. ದಸರಾ ರಜೆಯಿಂದ ಹೊರಗೆ: ರಿಂಗು, ಲೇಅಪ್, ತ್ರೀ ಬೈ ತ್ರೀ. ತೊಡಕು ಎಂದರೆ ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟ ಸಾಮಾನ್ಯವಾಗಿ ಮಳೆ ಮುಗಿಯುವ ಮೊದಲೇ ಬಂದುಬಿಡುತ್ತದೆ. ಆದ್ದರಿಂದ ಮೊದಲ ವರ್ಷ ಅದರ ಚಿಂತೆ ಬಿಡಿ, ಎರಡನೇ ವರ್ಷಕ್ಕೆ ತಯಾರಾಗಿ. ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಆಮೇಲೆ ವಿಭಾಗಕ್ಕೆ, ರಾಜ್ಯಕ್ಕೆ. ಶಾಲೆಯ ಪಿಟಿ ಮೇಷ್ಟ್ರಿಗೆ ಮೊದಲೇ ಹೆಸರು ಕೊಟ್ಟಿರಿ. ಬೇಸಿಗೆ ಶಿಬಿರ, ಕ್ರೀಡಾ ಹಾಸ್ಟೆಲಿನ ಆಯ್ಕೆ ಬಗ್ಗೆ ಕೇಳಬೇಕಾದ್ದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ. ಶಿವಮೊಗ್ಗ ಪೇಟೆಗೆ ಹೋದಾಗ ಸಂಜೆ ಹೊತ್ತು ದೊಡ್ಡ ಹುಡುಗರು ಆಡುವ ಕಡೆ ಅರ್ಧ ಗಂಟೆ ಮಕ್ಕಳನ್ನು ಕೂರಿಸಿ. ಚೆಂಡು ನೋಡಬೇಡಿ, ಅವರ ಕಾಲು ನೋಡಿ ಎಂದು ಹೇಳಿ ಕೂರಿಸಿ.

ಕೊನೆಗೆ ಚೆಂಡಿನ ಆರೈಕೆ. ಆಡಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ, ಗಾಳಿಯಾಡುವ ಕಡೆ ಇಡಿ. ಬಚ್ಚಲೊಲೆಯ ಹತ್ತಿರ ಮಾತ್ರ ಬೇಡ. ಮಳೆಗಾಲದಲ್ಲಿ ಮನೆಯ ಒದ್ದೆ ಬಟ್ಟೆಯೆಲ್ಲ ಅಲ್ಲೇ ಒಣಗುತ್ತದೆ ಎಂದು ನಮ್ಮ ಹುಡುಗನೊಬ್ಬ ಚೆಂಡನ್ನೂ ಒಲೆಯ ಪಕ್ಕ ಇಟ್ಟು ಮಲಗಿದ. ಬೆಳಗ್ಗೆ ಎದ್ದು ನೋಡಿದರೆ ಒಂದು ಮಗ್ಗುಲು ಹಲಸಿನಕಾಯಿಯ ಹಾಗೆ ಉಬ್ಬಿಕೊಂಡಿತ್ತು. ಈಗ ಅದನ್ನು ಪುಟಿಸಿದರೆ ಎತ್ತ ಹೋಗುತ್ತದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದೇವೆ. ಕ್ಯಾಚ್ ಹಿಡಿಯುವ ಅಭ್ಯಾಸಕ್ಕೆ ಅದೇ ಚೆಂಡು.